ಮೂವತ್ತನಾಲ್ಕು ಮನೆಯ ಸಿಪ್ಪೆ

ನಮ್ಮ ಶಾಲೆಯಲ್ಲಿ ಅಡುಗೆಮನೆಗೂ ಐದನೇ ಕ್ಲಾಸಿಗೂ ನಡುವೆ ಒಂದೇ ಗೋಡೆ. ಅದರ ಮೇಲ್ಗಡೆ ಗಾಳಿಗೆಂದು ಬಿಟ್ಟ ಕಿಂಡಿ. ನಾನು ಈರುಳ್ಳಿ ಹುರಿದ ಘಾಟು ಆ ಕಡೆ ಹೋಗುತ್ತದೆ, ಅವರ ಪಾಠ ಈ ಕಡೆ ಬರುತ್ತದೆ. ಹೀಗಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಐದನೇ ಕ್ಲಾಸನ್ನು ಇಪ್ಪತ್ತೆರಡು ಸಲ ಕಲಿತಿದ್ದೇನೆ. ಪರೀಕ್ಷೆ ಮಾತ್ರ ಒಂದು ಸಲವೂ ಬರೆದಿಲ್ಲ.

ಆಹಾರದ ಪಾಠ ಶುರುವಾದ ದಿನ ನಾನು ಬೀನ್ಸಿನ ನಾರು ಬಿಡಿಸುತ್ತ ಕೂತಿದ್ದೆ. ಟೀಚರ್ ಹೊಸಬರು, ಚಿಕ್ಕ ವಯಸ್ಸು. ಹಿಂದಿನ ದಿನವೆಲ್ಲ ಕೂತು ದೊಡ್ಡ ಚಾರ್ಟ್ ಮಾಡಿಕೊಂಡು ಬಂದಿದ್ದರು.

"ಮಕ್ಕಳೇ, ನಮ್ಮ ದೇಹ ಬೆಳೆಯೋಕೆ ಏನು ಬೇಕು?"

"ಊಟ!"

"ಒಳ್ಳೇ ಊಟದಲ್ಲಿ ಏನೇನಿರಬೇಕು?"

"ಜಾಸ್ತಿ ಇರಬೇಕು!"

ಮೂವತ್ತನಾಲ್ಕು ಮಕ್ಕಳು ಒಂದೇ ದನಿಯಲ್ಲಿ ಹೇಳಿದ್ದು ಕೇಳಿ ನನಗೆ ಖುಷಿಯಾಯಿತು. ಟೀಚರಿಗೆ ಆಗಲಿಲ್ಲ. ಕಾಳು, ಸೊಪ್ಪು, ಹಣ್ಣು, ಮೊಟ್ಟೆ ಎಂದು ಚಾರ್ಟಿನ ಮೇಲೆ ಕೋಲು ಇಟ್ಟು ತೋರಿಸುತ್ತ ಹೋದರು. ಕೊನೆಗೆ ಮನೆಪಾಠ ಕೊಟ್ಟರು. ಒಂದು ವಾರ ಮನೆಯಲ್ಲಿ ತಿಂದಿದ್ದೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬೆಳಿಗ್ಗೆಯದು, ಸಂಜೆಯದು, ರಾತ್ರಿಯದು. ಇದ್ದದ್ದು ಇದ್ದ ಹಾಗೆ.

ಆ ಮೂವತ್ತನಾಲ್ಕರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ತೆಳ್ಳಗಿದ್ದಾಳೆ, ಮಾತು ಚುಚ್ಚುತ್ತದೆ. ಆದ್ದರಿಂದ ಮನೆಯಲ್ಲೂ ಶಾಲೆಯಲ್ಲೂ ಅವಳು ಗುಂಡುಸೂಜಿ.

ವಾರ ಕಳೆದು ಶುಕ್ರವಾರ ಬಂತು. ಮಧ್ಯಾಹ್ನ ಕೊನೆಯ ತಟ್ಟೆಗೆ ಬಡಿಸಿ ಸೌಟು ಕೆಳಗಿಡುವಷ್ಟರಲ್ಲಿ ದೊಡ್ಡ ಮೇಡಂ ಹೇಳಿ ಕಳಿಸಿದರು. ಅವರ ಕೋಣೆಗೆ ಹೋದರೆ ಟೀಚರ್ ಆಗಲೇ ಅಲ್ಲಿ ನಿಂತಿದ್ದಾರೆ. ಎದೆಗೆ ನೋಟ್‌ಬುಕ್ಕುಗಳ ಅಟ್ಟಿ, ಮುಖದಲ್ಲಿ ಗೆದ್ದ ಕಳೆ.

"ಅಡುಗೆಯಮ್ಮ, ಕೂತ್ಕೊಳ್ಳಿ," ಎಂದರು ದೊಡ್ಡ ಮೇಡಂ. ಅವರು ಕೂರು ಎಂದರೆ ಸುದ್ದಿ ಒಳ್ಳೆಯದಲ್ಲ ಎಂದೇ ಅರ್ಥ. ನಾನು ನಿಂತೇ ಇದ್ದೆ.

ಮೇಲಿನ ಆಫೀಸಿನಿಂದ ಕಾಗದ ಬಂದಿತ್ತು. ಯಾವ ಶಾಲೆಯ ಮಕ್ಕಳಿಗೆ ಮನೆಯಲ್ಲೇ ಒಳ್ಳೆಯ ಊಟ ಸಿಗುತ್ತದೆಯೋ ಆ ಶಾಲೆಯ ಅಡುಗೆಮನೆ ಮುಚ್ಚುತ್ತಾರೆ. ಬಿಸಿಯೂಟದ ಬದಲು ಎಲ್ಲಿಂದಲೋ ಪೊಟ್ಟಣ ಬರುತ್ತದೆ. ಐದನೇ ಕ್ಲಾಸಿನ ಮಕ್ಕಳು ವಾರವಿಡೀ ಮನೆಯಲ್ಲಿ ಏನು ತಿಂದರು ಎಂಬ ವರದಿ ಮುಂದಿನ ವಾರದ ಶನಿವಾರದೊಳಗೆ ಕಳಿಸಬೇಕು. ಅದನ್ನು ನೋಡಿ ತೀರ್ಮಾನ.

"ಅಷ್ಟೇ ತಾನೇ," ಎಂದೆ ನಾನು, ಸಮಾಧಾನವಾಗಿ. "ನಮ್ಮ ಮಕ್ಕಳು ಮನೇಲಿ ಏನು ತಿಂತಾರೆ ಅಂತ ನಂಗೆ ಗೊತ್ತಿಲ್ವಾ? ಹನ್ನೊಂದು ಗಂಟೆಗೇ ಕಿಂಡಿ ಕಡೆ ಮೂಗು ಎತ್ಕೊಂಡು ಕೂತಿರ್ತಾವೆ."

ಟೀಚರ್ ಮೊದಲ ನೋಟ್‌ಬುಕ್ ತೆಗೆದು ಓದತೊಡಗಿದರು. ಸೋಮವಾರ ಬೆಳಿಗ್ಗೆ ಮೊಳಕೆ ಕಾಳು, ಬಾಳೆಹಣ್ಣು, ಹಾಲು. ರಾತ್ರಿ ಬೇಳೆ, ಅನ್ನ, ಕ್ಯಾರೆಟ್. ಮಂಗಳವಾರ ಮೊಟ್ಟೆ, ಸೇಬು, ಬಾದಾಮಿ.

"ಬಾದಾಮಿನಾ?" ಎಂದೆ.

"ಎಲ್ಲರ ಮನೇಲೂ, ಅಮ್ಮ!" ಟೀಚರ ಕಣ್ಣು ಹೊಳೆಯುತ್ತಿತ್ತು. "ಒಂದೇ ವಾರದಲ್ಲಿ ಪಾಠ ಹಿಂಗೆ ನಾಟುತ್ತೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ."

ನನ್ನ ಇಪ್ಪತ್ತೆರಡು ವರ್ಷ ಆ ಬಾದಾಮಿಯಡಿ ಸಿಕ್ಕಿಕೊಂಡದ್ದು ನನಗೆ ಆಗ ತಿಳಿಯಿತು. ಈ ನೋಟ್‌ಬುಕ್ಕುಗಳು ಮೇಲೆ ಹೋದರೆ ನನ್ನ ಒಲೆ ಆರಿದ ಹಾಗೆಯೇ.

"ಮುಂದೆ ಓದಿ," ಎಂದರು ದೊಡ್ಡ ಮೇಡಂ.

"ಬುಧವಾರ ರಾತ್ರಿ ಪಾಲಕ್ ಬೇಳೆ, ಸೌತೆಕಾಯಿ. ನಮ್ಮ ಯಜಮಾನರಿಗೆ ಸೊಪ್ಪು ಸೇರಲ್ಲ, ಆದರೂ ಹೆದರಿಸಿ ತಿನ್ನಿಸಿದೆ."

ದೊಡ್ಡ ಮೇಡಂ ಕೈ ಎತ್ತಿ ಓದು ನಿಲ್ಲಿಸಿದರು.

"ಇದು ಯಾರ ನೋಟ್‌ಬುಕ್ಕು?" ದೊಡ್ಡ ಮೇಡಂ ಕೇಳಿದರು.

ಟೀಚರ್ ರಟ್ಟು ತಿರುಗಿಸಿ ನೋಡಿದರು. ಮೂರನೇ ಬೆಂಚಿನ ಹುಡುಗನದು. ಹತ್ತು ವರ್ಷ, ಇನ್ನೂ ಶೂ ಲೇಸು ಕಟ್ಟಿಕೊಳ್ಳಲು ಬರುವುದಿಲ್ಲ. ಎರಡನೆಯ ನೋಟ್‌ಬುಕ್ ತೆಗೆದರು. ಅವನ ಯಜಮಾನರಿಗೂ ಸೊಪ್ಪು ಸೇರುತ್ತಿರಲಿಲ್ಲ. ಮೂರನೆಯವಳದೂ ಅದೇ ಗೋಳು. ಮೂವತ್ತನಾಲ್ಕು ಮಕ್ಕಳೂ ತಂತಮ್ಮ ಯಜಮಾನರನ್ನು ಬುಧವಾರ ರಾತ್ರಿ ಹೆದರಿಸಿ ಸೊಪ್ಪು ತಿನ್ನಿಸಿದ್ದರು. ಹಿಂದಿನ ಬೆಂಚಿನ ಒಬ್ಬನಂತೂ ಬಹಳ ಪ್ರಾಮಾಣಿಕ. ಕೊನೆಯಲ್ಲಿ ಇದ್ದದ್ದನ್ನೂ ಬಿಡದೆ ಬರೆದಿದ್ದ: "ಎಲ್ಲರೂ ಇದನ್ನೇ ಬರೆಸಿ, ತಪ್ಪಿದ್ದರೆ ಕ್ಷಮಿಸಿ, ನನ್ನ ಕುಕ್ಕರ್ ಕೂಗುತ್ತಿದೆ."

ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿನದೋ ಅಳುವಿನದೋ ಗೊತ್ತಾಗಲಿಲ್ಲ. ಟೀಚರದು ಮಾತ್ರ ಅಳುವೇ.

ಸಂಜೆಯ ಬಿಡುವಿನಲ್ಲಿ ಗುಂಡುಸೂಜಿಯನ್ನು ಹಿಡಿದು ನಿಲ್ಲಿಸಿದೆ. "ಏನೇ, ನಿನ್ನ ಯಜಮಾನರು ಚೆನ್ನಾಗಿದ್ದಾರಾ?"

"ಟೈಲರ್ ಆಂಟಿ ಎಲ್ಲ ಅಮ್ಮಂದಿರ ಫೋನಿಗೂ ಊಟದ ಪಟ್ಟಿ ಕಳಿಸಿದ್ರು ಅಜ್ಜಿ. ದುಂಡಗೆ ಬರಿ ಅಂದ್ಳು ಅಮ್ಮ. ಬರೆದೆ."

"ಓದ್ಲಿಲ್ವಾ?"

"ಬರಿ ಅಂದಿದ್ದು. ಓದು ಅಂದಿರಲಿಲ್ಲ."

ಟೈಲರಮ್ಮನನ್ನು ನಾನು ಬಲ್ಲೆ. ಶಾಲೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ. ಬೀದಿಯ ಮದುವೆ, ಜಗಳ, ಸಂಧಾನ ಎಲ್ಲಕ್ಕೂ ಅವಳದೇ ಅಳತೆ. ಮಕ್ಕಳ ಊಟದ ವಿಷಯ ಟೀಚರ್ ಯಾಕೆ ಕೇಳುತ್ತಾರೆ? ನಮ್ಮನ್ನು ತೂಕ ಹಾಕುವುದಕ್ಕೆ! ಹಾಗೆಂದು ಲೆಕ್ಕ ಹಾಕಿ, ಎಲ್ಲ ತಾಯಂದಿರ ಮಾನವನ್ನೂ ಒಂದೇ ಬಟ್ಟೆಯಲ್ಲಿ ಕತ್ತರಿಸಿ ಹೊಲಿದು ಹಂಚಿದ್ದಳು. ಕೆಟ್ಟ ಮನಸ್ಸಿನಿಂದಲ್ಲ.

ಟೀಚರ್ ಇನ್ನೊಂದು ಸಲ ಬರೆಸುತ್ತೇನೆ ಎಂದರು.

"ಬರೆಸಿದ್ರೆ ಈ ಸಲ ಯಜಮಾನರನ್ನ ಬಿಟ್ಟು ಮಿಕ್ಕಿದ್ದನ್ನ ಬರೀತಾರೆ, ಅಷ್ಟೇ," ಎಂದೆ ನಾನು. "ಟೀಚರಮ್ಮ, ಬಾಯಿಗೆ ಸುಳ್ಳು ಹೇಳೋಕೆ ಬರುತ್ತೆ, ಪೆನ್ಸಿಲ್ಲಿಗೂ ಬರುತ್ತೆ. ಕಸದ ಬುಟ್ಟಿಗೆ ಬರಲ್ಲ. ನಾನು ಒಂದು ಮನೆ ಸಿಪ್ಪೆ ನೋಡಿದ್ರೆ ಸಾಕು, ಆ ಮನೇಲಿ ಎಷ್ಟು ಜನ, ಏನು ತಿಂದ್ರು, ಯಾರು ಅರ್ಧಕ್ಕೆ ಎದ್ದು ಹೋದ್ರು ಅಂತ ಹೇಳ್ತೀನಿ."

ಶಾಲೆಯ ಹಿಂದೆ ತೋಟಕ್ಕೆ ಗೊಬ್ಬರದ ಗುಂಡಿ ಇದೆ. ಆವತ್ತೇ ಗಂಟೆ ಹೊಡೆಯುವ ಮೊದಲು ಟೀಚರ್ ಅದನ್ನೇ ನೆಪ ಮಾಡಿದರು. ಮನೆಯ ಅಡುಗೆಕಸ ಒಂದು ಚೀಲದಲ್ಲಿ ತನ್ನಿ, ಕವರು ಗಿವರು ಏನಿದ್ದರೂ ಬಿಡದೆ ತನ್ನಿ, ಯಾವುದು ಮಣ್ಣಾಗುತ್ತದೆ ಯಾವುದು ಆಗುವುದಿಲ್ಲ ಕಲಿಯೋಣ ಎಂದರು. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಯಾರಿಗೂ ಮುಜುಗರವಾಗಬಾರದೆಂದು ಚೀಲದ ಮೇಲೆ ಹೆಸರು ಬೇಡ, ಬರೀ ನಂಬರು ಎಂದೂ ಹೇಳಿದರು. ಆಗಲೇ ಅವರ ಮೇಲೆ ನನಗೆ ಸ್ವಲ್ಪ ಗೌರವ ಬಂದದ್ದು.

ಸೋಮವಾರ ಬೆಳಿಗ್ಗೆ ವರಾಂಡದಲ್ಲಿ ಹಳೆಯ ಟಾರ್ಪಾಲು ಹಾಸಿ ಮೂವತ್ತನಾಲ್ಕು ಚೀಲ ಸಾಲಾಗಿ ಇಟ್ಟೆವು. ಶನಿವಾರ ಭಾನುವಾರ, ಎರಡು ದಿನದ ರಜೆಯ ಕಸ. ಮೂಗು ಮುಚ್ಚಿಕೊಂಡು ಸುತ್ತ ನಿಂತ ಮಕ್ಕಳು ಐದೇ ನಿಮಿಷದಲ್ಲಿ ಮೂಗು ಬಿಟ್ಟು ಬಗ್ಗಿ ನೋಡತೊಡಗಿದರು. ಬೇರೆಯವರ ಮನೆಯ ಕಸಕ್ಕಿಂತ ರುಚಿಯಾದ ವಿಷಯ ಲೋಕದಲ್ಲಿ ಇಲ್ಲ.

ಹನ್ನೆರಡನೇ ನಂಬರಿನ ಚೀಲದಲ್ಲಿ ಈರುಳ್ಳಿ ಸಿಪ್ಪೆ ಮತ್ತು ಒಂದೇ ಒಂದು ಮೊಟ್ಟೆಯ ಚಿಪ್ಪು.

"ಎರಡು ದಿನಕ್ಕೆ ಒಂದು ಮೊಟ್ಟೆ," ಎಂದೆ. "ಮನೇಲಿ ಎಷ್ಟು ಜನ ಇರಬಹುದು?"

"ಐದು ಜನ," ಎಂದ ಒಬ್ಬ ಹುಡುಗ, ನಂಬರಿನ ಗುಟ್ಟನ್ನು ಅಲ್ಲೇ ಬಿಟ್ಟುಕೊಟ್ಟು.

"ಮೊಟ್ಟೆ ಯಾರು ತಿಂದ್ರಪ್ಪ?"

"ಅಪ್ಪ."

"ನೀವು?"

"ನಾವು ನೋಡಿದ್ವಿ."

ಮಕ್ಕಳೆಲ್ಲ ನಕ್ಕರು. ಅವನೂ ನಕ್ಕ. ಟೀಚರ್ ಮಾತ್ರ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ್ದರು.

ಮುಂದಿನ ಚೀಲಗಳೂ ಹಾಗೆಯೇ. ಬ್ರೆಡ್ಡಿನ ಕವರು, ಬಿಸ್ಕತ್ತಿನ ಕವರು, ಟೀ ಸೊಪ್ಪು, ಚಿಪ್ಸಿನ ಪೊಟ್ಟಣ. ಟೀಚರ್ ಒಂದು ಜ್ಯೂಸಿನ ಡಬ್ಬಿ ಎತ್ತಿ ಅದರ ಬೆನ್ನಿನ ಸಣ್ಣ ಅಕ್ಷರ ಮಕ್ಕಳ ಕೈಯಲ್ಲೇ ಓದಿಸಿದರು. ಅದರಲ್ಲಿದ್ದಷ್ಟು ಸಕ್ಕರೆಯನ್ನು ನನ್ನ ಡಬ್ಬದಿಂದ ಚಮಚ ಚಮಚವಾಗಿ ಲೋಟಕ್ಕೆ ಹಾಕಿಸಿದರು. ಆರನೇ ಚಮಚಕ್ಕೆ ಮಕ್ಕಳು "ಸಾಕು ಮಿಸ್" ಎಂದು ಕೂಗಿದರು. ಚಾರ್ಟ್ ಒಂದು ವಾರದಲ್ಲಿ ಹೇಳದ್ದನ್ನು ಆ ಲೋಟ ಒಂದು ನಿಮಿಷದಲ್ಲಿ ಹೇಳಿತು.

ಆಮೇಲೆ ಇಪ್ಪತ್ತೊಂದನೇ ಚೀಲ ಬಂತು. ಬಿಚ್ಚಿದರೆ ನೂಡಲ್ಸ್ ಕವರು. ಒಂದಲ್ಲ, ಎರಡಲ್ಲ. ಟಾರ್ಪಾಲಿನ ಮೇಲೆ ಜೋಡಿಸಿದರೆ ಒಂಬತ್ತು. ಜೊತೆಗೆ ಬಿಸ್ಕತ್ತಿನ ಎರಡು ಕವರು, ಟೀ ಸೊಪ್ಪು. ಒಂದು ತರಕಾರಿಯ ತೊಟ್ಟು ಕೂಡ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಹೊತ್ತಿಗೆ ಮಾತಿಗೆ ಕಾವೂ ಬಂದಿತ್ತು. "ನೋಡಿ ಮಕ್ಕಳೇ, ಇದನ್ನ ಚೆನ್ನಾಗಿ ನೋಡಿ! ಈ ಮನೇಲಿ ಒಲೆ ಹಚ್ಚೋರೇ ಇಲ್ಲ. ಇದ್ರೂ ಕಾಲು ನೀಡ್ಕೊಂಡು ಟೀವಿ ಮುಂದೆ ಬಿದ್ದಿರೋ ಸೋಮಾರಿಗಳು. ಮನೇಲಿ ದೊಡ್ಡೋರು ಅಂತ ಒಬ್ರು ಇದ್ದಿದ್ರೆ ಮಗೂಗೆ ಹಿಂಗಾಗ್ತಿತ್ತಾ?"

"ಇದ್ದಾರೆ ಅಜ್ಜಿ," ಎಂಬ ದನಿ ಬಂತು. ಗುಂಡುಸೂಜಿ ಕೈ ಎತ್ತಿಕೊಂಡು ನಿಂತಿದ್ದಳು, ಪಾಠದಲ್ಲಿ ಉತ್ತರ ಹೇಳುವವಳ ಹಾಗೆ. "ಅದು ನಮ್ಮ ಚೀಲ."

ಮೂವತ್ತಮೂರು ಮಕ್ಕಳು ಒಟ್ಟಿಗೆ ನನ್ನ ಕಡೆ ತಿರುಗಿದರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಒಳಗೆ ಓಡಿದೆ. ಹಾಲು ಇಟ್ಟಿರಲಿಲ್ಲ.

ನಾನು ಮಧ್ಯಾಹ್ನ ಮೂರಕ್ಕೆ ಶಾಲೆಯಲ್ಲೇ ಉಳಿದದ್ದು ಉಣ್ಣುತ್ತೇನೆ. ಅದೇ ನನಗೆ ದಿನದ ಊಟ. ರಜೆಯ ದಿನ ಮದುವೆ ಮನೆಗಳಲ್ಲಿ ಅಡುಗೆಗೆ ಹೋಗುತ್ತೇನೆ, ಊಟ ಅಲ್ಲೇ. ಮನೆಗೆ ಹೋದರೆ ಪಾತ್ರೆ ಮುಟ್ಟುವ ಮನಸ್ಸಿರುವುದಿಲ್ಲ. ಇನ್ನೂರ ಹತ್ತು ತಟ್ಟೆಗೆ ಬೇಯಿಸಿದ ಕೈ ಮತ್ತೆ ನಾಲ್ಕು ತಟ್ಟೆಗೆ ಏಳುವುದಿಲ್ಲ. ಆದ್ದರಿಂದ ಕಾಲು ಮೇಲಿಟ್ಟುಕೊಂಡು ಟೀವಿ ಹಾಕುತ್ತೇನೆ. ಮಗ ವ್ಯಾನು ಓಡಿಸುತ್ತಾನೆ, ಬರುವ ಹೊತ್ತು ಹೇಳಲಾಗದು. ಸೊಸೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ, ಎಂಟಕ್ಕೆ ಬರುತ್ತಾಳೆ. ಅವಳು ಏನೋ ಮಾಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ನೂಡಲ್ಸ್ ವಾಸನೆ ಮೂಗಿಗೆ ಬಂದ ದಿನ, ಇವತ್ತೊಂದು ದಿನ ತಾನೇ ಎಂದುಕೊಳ್ಳುತ್ತಿದ್ದೆ. ಹಾಗೆ ದಿನಾ ಅಂದುಕೊಂಡಿದ್ದೆ.

ಆ ಸಂಜೆ ಸೊಸೆ ಬರುತ್ತಲೇ ಕೇಳಿದೆ. "ಏನಮ್ಮ, ಎರಡು ದಿನಕ್ಕೆ ಒಂಬತ್ತಾ?"

ಅವಳು ಚಪ್ಪಲಿ ಬಿಡುತ್ತಲೇ ನಕ್ಕಳು. ಗುಂಡುಸೂಜಿ ಆಗಲೇ ಫೋನು ಮಾಡಿ ವರದಿ ಒಪ್ಪಿಸಿದ್ದಳು. "ಸೋಮಾರಿಗಳು ಅಂದ್ರಂತಲ್ಲ ಅತ್ತೆ. ಬಹುವಚನದಲ್ಲಿ ಅಂದಿದ್ದೇ ಒಳ್ಳೇದಾಯ್ತು, ಪಾಲು ಮಾಡ್ಕೊಳ್ಳೋಣ."

"ನಗಬೇಡ. ನನ್ನ ಮಾನ ಹೋಯ್ತು."

"ನೀವು ಸಂಜೆ ಅವಳಿಗೆ ಏನಾದ್ರೂ ಕೊಟ್ಟಿರ್ತೀರ ಅಂತ ನಾನು ಅಂದ್ಕೊಳ್ತಿದ್ದೆ."

"ನೀನು ಬಂದು ಮಾಡ್ತೀಯ ಅಂತ ನಾನು."

"ನನಗೆ ಶಾಲೇಲಿ ಮಧ್ಯಾಹ್ನ ಸಿಗುತ್ತಲ್ಲ, ಅದೇ ಸಾಕು," ಎಂದಳು ಗುಂಡುಸೂಜಿ, ನೂಡಲ್ಸಿಗೆ ನೀರು ಕಾಯಲಿಡುತ್ತ. ಹತ್ತು ವರ್ಷದ ಹುಡುಗಿ ಒಲೆ ಹಚ್ಚುವುದನ್ನು ಯಾವಾಗ ಕಲಿತಳು ಎಂದು ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು.

ಅಲ್ಲಿಯವರೆಗೆ ಆ ಅಡುಗೆಮನೆ ಉಳಿಯಬೇಕೆಂದು ನಾನು ಒದ್ದಾಡಿದ್ದು ನನ್ನ ಕೆಲಸಕ್ಕಾಗಿ. ಆಮೇಲೆ ಹಾಗೆ ಹೇಳಿಕೊಳ್ಳಲು ನಾಚಿಕೆಯಾಯಿತು. ನನ್ನ ಮನೆಯ ಮಗುವಿಗೇ ನಿಜವಾದ ಊಟವೆಂದರೆ ಅದೊಂದೇ ಆಗಿತ್ತು.

ಬುಧವಾರ ಎರಡನೇ ಸಲ ಚೀಲಗಳು ಬಂದಾಗ ಟೀಚರ್ ಕಕ್ಕಾಬಿಕ್ಕಿಯಾದರು. ನಮ್ಮದೊಂದು ಬಿಟ್ಟು ಎಲ್ಲ ಚೀಲಗಳೂ ಉಬ್ಬಿದ್ದವು. ಕೋಸಿನ ಎಲೆ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ತುದಿ. ಒಂದೇ ಒಂದು ಕವರಿಲ್ಲ.

"ಮಾತು ಹೊರಗೆ ಹೋಗಿದೆ," ಎಂದೆ. ಕೋಸಿನ ಎಲೆ ಎತ್ತಿ ತೋರಿಸಿದೆ. "ಇದು ಮನೆ ಚಾಕುವಿನ ಕೆಲಸ ಅಲ್ಲ. ಅಂಗಡಿಯವನು ಕತ್ತಿಯಿಂದ ಒಂದೇಟಿಗೆ ಹೊಡೆದು ಬಿಸಾಕೋ ಹೊರಗಿನ ಎಲೆ. ಮೂವತ್ತಮೂರು ಮನೇಲೂ ಕೋಸಿನ ಸಿಪ್ಪೆ ಇದೆ, ಒಂದು ಮನೇಲೂ ಕೋಸಿಲ್ಲ."

ಹತ್ತು ಗಂಟೆಗೆ ಮೂಲೆಯ ತರಕಾರಿ ಅಂಗಡಿಯವನೇ ಬಂದ. "ಅಮ್ಮ, ಹನ್ನೆರಡು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಜನ ತರಕಾರಿಗೆ ಚೌಕಾಸಿ ಮಾಡೋದು ಕಂಡಿದ್ದೀನಿ. ನಿನ್ನೆ ಸಂಜೆ ಕಸದ ಬುಟ್ಟಿ ಮುಂದೆ ಕ್ಯೂ ನಿಂತಿದ್ರು! ಮೂಲಂಗಿ ಸೊಪ್ಪಿಗೆ ಇಬ್ರು ಹೆಂಗಸ್ರು ಜಗಳ ಆಡಿದ್ರು. ಶಾಲೇಲಿ ಏನಾಗ್ತಿದೆ?"

"ಪೌಷ್ಟಿಕ ಆಹಾರದ ಪಾಠ," ಎಂದರು ಟೀಚರ್ ಸೋತ ದನಿಯಲ್ಲಿ.

ವರದಿಗೆ ಇನ್ನು ಮೂರೇ ದಿನ. ಎರಡು ದಿನದ ಸಿಪ್ಪೆ ಒಂದು ಹೇಳುತ್ತದೆ, ಒಂದು ದಿನದ ಸಿಪ್ಪೆ ಇನ್ನೊಂದು. ನೋಟ್‌ಬುಕ್ಕುಗಳು ಮೂರನೆಯದು. ದೊಡ್ಡ ಮೇಡಂ ನೇರ ಮನುಷ್ಯರು. "ಕಸ ನೋಡಿ ನಾನು ವರದಿ ಬರೆಯೋಕಾಗಲ್ಲ, ಅಡುಗೆಯಮ್ಮ. ತಾಯಂದಿರು ಅವರಾಗೇ ಹೇಳಿದ್ರೆ ಬರೀತೀನಿ. ಇಲ್ದಿದ್ರೆ ನೋಟ್‌ಬುಕ್ಕಲ್ಲಿ ಇರೋದೇ ಹೋಗುತ್ತೆ," ಎಂದು ಶುಕ್ರವಾರ ಸಂಜೆ ಐದಕ್ಕೆ ತಾಯಂದಿರನ್ನು ಕರೆದರು.

ಬಂದರು. ಮಕ್ಕಳ ಸಣ್ಣ ಬೆಂಚುಗಳಲ್ಲಿ ಮಂಡಿ ಎದೆಗೆ ತಾಗುವ ಹಾಗೆ ಕೂತರು. ಆಸ್ಪತ್ರೆಯಲ್ಲಿ ಒಂದು ಗಂಟೆ ಅನುಮತಿ ಪಡೆದು ನನ್ನ ಸೊಸೆಯೂ ಬಂದಿದ್ದಳು. ಮುಂದಿನ ಬೆಂಚಿನಲ್ಲಿ ಟೈಲರಮ್ಮ, ಕುತ್ತಿಗೆಯಲ್ಲಿ ಇನ್ನೂ ಅಳತೆಯ ಟೇಪು. ದೊಡ್ಡ ಮೇಡಂ ಬಾಯಿ ತೆರೆಯುವ ಮೊದಲೇ ಎದ್ದಳು.

"ಮೊದಲು ಒಂದು ಮಾತು. ಅಡುಗೆಯಕ್ಕ, ನಿಮ್ಮ ಮೇಲೆ ನಂಗೆ ಗೌರವ ಇದೆ. ಆದ್ರೆ ನಮ್ಮ ಮನೆ ಕಸಕ್ಕೆ ಕೈ ಹಾಕೋಕೆ ನೀವು ಯಾರು?"

ಹಿಂದಿನಿಂದ ನಾಲ್ಕೈದು ದನಿ ಹೌದು ಹೌದು ಎಂದವು.

ನಾನು ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಎದ್ದು ನಿಂತಾಗ ಒಂದೂ ನೆನಪಾಗಲಿಲ್ಲ. ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲೆ ಸುರಿದೆ. ನಮ್ಮ ಮನೆಯ ಅವೇ ಒಂಬತ್ತು ನೂಡಲ್ಸ್ ಕವರು ಬಿದ್ದವು.

"ಇದು ನನ್ನ ಮನೆ ಕಸ. ಇನ್ನೂರು ಮಕ್ಕಳಿಗೆ ಬಡಿಸೋ ಕೈ ಇದು. ನನ್ನ ಮೊಮ್ಮಗಳು ತಾನೇ ನೀರು ಕಾಯಿಸ್ಕೊಂಡು ಇದನ್ನ ತಿಂತಾಳೆ. ನಾನು ಟೀವಿ ನೋಡ್ತಾ ಇರ್ತೀನಿ. ಕ್ಲಾಸಲ್ಲಿ ಎಲ್ಲರ ಮುಂದೆ ಇದನ್ನೇ ಹಿಡ್ಕೊಂಡು ಯಾವಳೋ ಸೋಮಾರಿ ಮನೇದು ಅಂತ ಬೈದೆ. ಆಮೇಲೆ ಗೊತ್ತಾಯ್ತು. ನಿಮ್ಮ ಕಸಕ್ಕೆ ಕೈ ಹಾಕಿದ್ದು ತಪ್ಪು. ಅದಕ್ಕೇ ನಂದು ತಂದೆ."

ಯಾರೋ ಕಿಸಕ್ಕೆಂದರು. ನನ್ನ ಸೊಸೆಯೇ. ಆಮೇಲೆ ಎದ್ದು ನಿಂತು, "ಅರ್ಧ ನಂದು," ಎಂದಳು.

ಟೈಲರಮ್ಮ ಮಾತ್ರ ಬಗ್ಗಲಿಲ್ಲ. "ಇರಬಹುದು. ನಮ್ಮ ಮನೇಲಿ ಹಂಗಿಲ್ಲ. ನಮ್ಮದು ನೋಟ್‌ಬುಕ್ಕಲ್ಲಿ ಇದ್ದ ಹಾಗೇ."

ಆಗ ದೊಡ್ಡ ಮೇಡಂ ಆಫೀಸಿನ ಕಾಗದ ಓದಿದರು. ಮನೆಯಲ್ಲಿ ಊಟ ಚೆನ್ನಾಗಿದ್ದರೆ ಇಲ್ಲಿ ಒಲೆ ಆರುತ್ತದೆ ಎಂಬುದು ತಾಯಂದಿರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಫೀಸಿನವರು ಮಾದರಿಗೆಂದು ಕಳಿಸಿದ್ದ ಪೊಟ್ಟಣವನ್ನೂ ಮೇಡಂ ಟೈಲರಮ್ಮನ ಕೈಗೇ ಕೊಟ್ಟರು. "ಬಿಚ್ಚಿ ನೋಡಿ. ಮಧ್ಯಾಹ್ನಕ್ಕೆ ಇದು ಬರುತ್ತೆ."

ಟೈಲರಮ್ಮ ಹಲ್ಲಿನಿಂದ ಕವರು ಹರಿದಳು. ಒಂದು ಬನ್ನು, ಒಂದು ಚೂರು ಜಾಮು, ಎರಡು ಬಿಸ್ಕತ್ತು, ಒಂದು ಜ್ಯೂಸಿನ ಡಬ್ಬಿ. ತಿರುಗಿಸಿ ತಿರುಗಿಸಿ ನೋಡಿದಳು. ಬನ್ನನ್ನು ಒತ್ತಿದಳು. ಅವಳ ಮುಖ ಕೆಂಪಾಯಿತು.

"ಇದೇನ್ರೀ ಮೇಡಂ ಇದು! ಬೆಳಿಗ್ಗೆ ನಾನು ಕೊಟ್ಟು ಕಳಿಸೋದೂ ಇದೇ. ಸಂಜೆ ಬಂದ್ರೆ ಕೊಡೋದೂ ಇದೇ. ಮಧ್ಯಾಹ್ನನೂ ಇದೇ ಕೊಟ್ರೆ ನನ್ನ ಮಗ ಊಟ ಅಂತ ಮಾಡೋದು ಯಾವಾಗ?"

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳ ಕಿವಿಗೆ ಬಿತ್ತು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಯಾರೂ ನಗಲಿಲ್ಲ.

"ಬೆಳಿಗ್ಗೆ ಏಳಕ್ಕೇ ಗಿರಾಕಿಗಳು ಬಾಗಿಲು ಬಡೀತಾರೆ," ಎಂದಳು ಸಣ್ಣ ದನಿಯಲ್ಲಿ. "ಬಾದಾಮಿ ನಾನು ನೋಡಿ ಎರಡು ವರ್ಷ ಆಯ್ತು. ಬರೆಯೋವಾಗ ಬರೀತಾ ಹೋದೆ, ಚೆನ್ನಾಗಿತ್ತು."

"ತುಂಬಾ ಚೆನ್ನಾಗಿತ್ತು ಕಣೇ," ಎಂದಳು ಹಿಂದಿನ ಬೆಂಚಿನ ಒಬ್ಬಳು. "ಓದ್ತಾ ನಂಗೇ ಹಸಿವಾಯ್ತು."

ಅಲ್ಲಿಂದ ಕಟ್ಟೆ ಒಡೆಯಿತು. ನಮ್ಮನೇಲಿ ಬರೀ ಟೀ ಬ್ರೆಡ್ಡು ಎಂದಳು ಒಬ್ಬಳು. ನಿಮ್ಮನೇಲಿ ಬ್ರೆಡ್ಡಾದರೂ ಇದೆ ಎಂದಳು ಇನ್ನೊಬ್ಬಳು. ಹಿಂದಿನ ವಾರ ಒಳ್ಳೆಯ ತಾಯಂದಿರಾಗಲು ಪೈಪೋಟಿ ಮಾಡಿದವರು ಈಗ ಯಾರ ಮನೆ ಹೆಚ್ಚು ಕೆಟ್ಟದ್ದು ಎಂದು ಪೈಪೋಟಿಗೆ ಬಿದ್ದರು. ಎರಡು ದಿನಕ್ಕೊಮ್ಮೆ ಮೊಟ್ಟೆ ಬೇಯಿಸುತ್ತೇನೆ ಎಂದ ಪಾಪದ ಹೆಂಗಸಿಗೆ, "ಸುಮ್ನೆ ಕೂತ್ಕೋ, ವರದಿ ಕೆಡಿಸಬೇಡ," ಎಂದು ಟೈಲರಮ್ಮ ಗದರಿದಳು. ದೊಡ್ಡ ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಇದ್ದದ್ದು ಇದ್ದ ಹಾಗೆ," ಎಂದರು. "ಮೊಟ್ಟೆ ಇದ್ರೆ ಮೊಟ್ಟೆ."

ಟೀಚರ್ ಏಳು ಗಂಟೆಯವರೆಗೆ ಬರೆದರು. ಕೈ ಸೋತಾಗ ನನ್ನ ಸೊಸೆ ಬರೆದಳು. ಮನೆಗೊಂದು ಸಾಲು. ಕೆಳಗೆ ತಾಯಂದಿರ ಸಹಿ. ಏಳುವ ಮೊದಲು ಟೀಚರ್ ಎಲ್ಲರನ್ನೂ ಐದು ನಿಮಿಷ ಕೂರಿಸಿದರು. ಕೈಯಲ್ಲಿ ಚಾರ್ಟ್ ಇರಲಿಲ್ಲ. "ನಿಮಗೆ ಹೊತ್ತಿಲ್ಲ ಅಂತ ಗೊತ್ತಾಯ್ತು. ಒಲೆ ಹಚ್ಚದೆ ಆಗೋದು ಹೇಳ್ತೀನಿ. ರಾತ್ರಿ ಒಂದು ಹಿಡಿ ಕಾಳು ನೆನೆಹಾಕಿ, ಅಷ್ಟೇ. ಬೆಳಿಗ್ಗೆ ಮಗು ತಾನೇ ಬಸಿದು ಉಪ್ಪು ನಿಂಬೆಹಣ್ಣು ಹಾಕ್ಕೊಳ್ಳುತ್ತೆ. ಆ ಕೆಲಸ ನಾನು ಕ್ಲಾಸಲ್ಲಿ ಕಲಿಸ್ತೀನಿ. ಜೊತೆಗೆ ಒಂದು ಬಾಳೆಹಣ್ಣು ಇದ್ರೆ ಬನ್ನಿಗಿಂತ ವಾಸಿ." ತಾಯಂದಿರು ತಲೆಯಾಡಿಸಿದರು. ಹುಡುಗರ ಕೈಯಲ್ಲೂ ಮಾಡಿಸುತ್ತೀರಾ ಎಂದು ಒಬ್ಬಳು ಕೇಳಿದಳು. ಹೂಂ ಎಂದರು. ಅದಕ್ಕೆ ಚಪ್ಪಾಳೆ ಬಿತ್ತು.

ವರದಿ ಹೋಯಿತು. ಎರಡು ವಾರ ನಾನು ಪ್ರತಿ ದಿನವೂ ಇದೇ ಕೊನೆಯ ದಿನ ಎಂಬಂತೆ ಬಡಿಸಿದೆ. ಸಾರಿಗೆ ಉಪ್ಪು ಒಂದೊಂದು ದಿನ ಎರಡು ಸಲ ಬಿತ್ತು. ಮಕ್ಕಳು ಪಾಪ, ಮಾತಾಡದೆ ನೀರು ಕುಡಿದರು. ಮನೆಯಲ್ಲಿ ಸೋಮವಾರ ಬುಧವಾರ ನನ್ನ ಸರದಿ, ಮಂಗಳವಾರ ಗುರುವಾರ ಸೊಸೆಯದು ಎಂದಾಯಿತು. ಮಗನಿಗೂ ಒಂದು ದಿನ ಕೊಟ್ಟೆವು. ಅವನ ಸರದಿಯ ದಿನ ಗುಂಡುಸೂಜಿ ಪಕ್ಕದಲ್ಲೇ ನಿಂತು ಕಾಯುತ್ತಾಳೆ, ಅವನನ್ನು ನಂಬುವ ಹಾಗಿಲ್ಲ.

ಮೂರನೇ ವಾರ ದೊಡ್ಡ ಮೇಡಂ ಕರೆದು, "ಕೂತ್ಕೊಳ್ಳಿ," ಎಂದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಅಡುಗೆಮನೆ ಉಳೀತು."

ಆಗ ಕೂತೆ.

"ಇನ್ನೂ ಒಂದಿದೆ. ಇಷ್ಟು ಮಕ್ಕಳು ಬೆಳಿಗ್ಗೆ ಸರಿಯಾಗಿ ತಿನ್ನದೆ ಬರ್ತಾರೆ ಅಂತ ವರದಿಯಲ್ಲಿ ಓದಿ ಅವರಿಗೂ ಕಸಿವಿಸಿ ಆಗಿದೆ. ಸೋಮವಾರದಿಂದ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿನೂ ಇಲ್ಲೇ. ಏಳೂವರೆಗೆ."

"ಏಳೂವರೆಗೆ ತಿಂಡಿ ಅಂದ್ರೆ ಒಲೆ ಆರಕ್ಕೆ ಹಚ್ಚಬೇಕು."

"ಹೌದು."

"ಸಹಾಯಕ್ಕೆ ಜನ?"

"ಅದು ಇನ್ನೊಂದು ಕಾಗದದಲ್ಲಿ ಬರುತ್ತಂತೆ."

ನಾನು ಎದ್ದು ಹೊರಗೆ ಬಂದೆ. ನನ್ನ ಬಾಯಿಯಿಂದಲೇ ನನ್ನ ಬೆಳಗಿನ ನಿದ್ದೆಗೆ ಕುತ್ತು ತಂದುಕೊಂಡಿದ್ದೆ. ಟೀಚರ್ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಮುಂದೆ ಗೊಣಗಲು ಆಗಲಿಲ್ಲ. ಮನೆಗೆ ಹೋಗಿ ಗೊಣಗಿದೆ.

ಸೋಮವಾರ ಆರಕ್ಕೆ ಬೀಗ ತೆಗೆಯುವಾಗ ನೋಡಿದರೆ ಟೈಲರಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದಾಳೆ. "ಏಳಕ್ಕೆ ಹೋಗ್ತೀನಿ, ಅಷ್ಟರಲ್ಲಿ ಏನು ಹೆಚ್ಚಬೇಕೋ ಹೇಳಿ," ಎಂದಳು. ಹೆಚ್ಚುವುದು ಅವಳಿಗೆ ಚೆನ್ನಾಗಿಯೇ ಬಂತು. ಒಂದೊಂದು ಕ್ಯಾರೆಟ್ ತುಂಡೂ ಅಳೆದು ಕತ್ತರಿಸಿದ ಹಾಗಿತ್ತು.

ಏಳೂವರೆಗೆ ಸಾಲು ನಿಂತಿತು. ಮೊಟ್ಟೆ ಹಂಚುವ ಕೆಲಸ ಐದನೇ ಕ್ಲಾಸಿನವರದು. ಮೊದಲ ದಿನದ ಪಾಳಿ ಗುಂಡುಸೂಜಿಯದು. ಇನ್ನೂರ ಹತ್ತು ತಟ್ಟೆ ದಾಟಿದ ಮೇಲೆ ಟೀಚರ್ ನನ್ನ ಕಡೆ ತಿರುಗಿ, "ನೀವು ತಿಂದ್ರಾ ಅಮ್ಮ?" ಎಂದರು. ಐದಕ್ಕೇ ಎದ್ದವಳು ಒಂದು ಲೋಟ ಟೀ ಬಿಟ್ಟರೆ ಏನೂ ಮುಟ್ಟಿರಲಿಲ್ಲ. ತಟ್ಟೆ ಹಿಡಿದು ಸಾಲಿನ ಕೊನೆಯಲ್ಲಿ ನಿಂತೆ. ಹಸಿವಾಗಿತ್ತು, ಎರಡು ಮೊಟ್ಟೆ ಹಾಕು ಎಂದೆ.

ಗುಂಡುಸೂಜಿ ಒಂದು ಮೊಟ್ಟೆ ಇಟ್ಟಳು. ನನ್ನ ತಟ್ಟೆಯನ್ನು ಒಮ್ಮೆ ನೋಡಿ ಸೌತೆಕಾಯಿಯ ಎರಡು ಹೋಳು ಜಾಸ್ತಿ ಹಾಕಿದಳು.

"ಒಬ್ಬರಿಗೆ ಒಂದೇ ಅಜ್ಜಿ. ಮುಂದೆ ಹೋಗಿ," ಎಂದಳು.